ಇಡ್ರಿ ತಂಗಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಹಾಗೆಯೇ ಎದ್ದಿದ್ದೇನೆ. ಕಣ್ಣಿನ ಪೊರೆಯ ನೆಪವೊಂದಿತ್ತು. ಪೊರೆ ತೆಗೆಸಿ ಬಹಳ ದಿನವಾಯಿತು, ಈಗ ಎಲ್ಲ ಸ್ವಚ್ಛ ಕಾಣುತ್ತದೆ, ಆ ನೆಪವೂ ಹೋಯಿತು. ನಾನು ನನ್ನ ಅಕ್ಕನ ಮಗಳಿಗೆ ಒಂದು ಅನ್ಯಾಯ ಮಾಡಿದ್ದೇನೆ, ಅದನ್ನು ಆಕೆಯ ಮುಂದೆ ಇಂದಿನವರೆಗೂ ಒಪ್ಪಿಕೊಂಡಿಲ್ಲ. ಟಿವಿಯೊಳಗಿನ ಕೊರಿಯಾದ ಜನ ನನ್ನನ್ನು ಇಷ್ಟು ಸತಾಯಿಸದೆ ಇದ್ದಿದ್ದರೆ ಈಗಲೂ ಸುಮ್ಮನೆ ಇರುತ್ತಿದ್ದೆನೇನೋ.

ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಸೊಲ್ಲಾಪುರ ರಸ್ತೆಯಲ್ಲಿ ನಮ್ಮದೊಂದು ಮೋಟಾರು ರಿವೈಂಡಿಂಗ್ ಅಂಗಡಿಯಿದೆ. ತೋಟದ ಬಾವಿಗಳ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಹೈಸ್ಕೂಲು ಮುಗಿಸಿ ನಾನೇ ಶುರು ಮಾಡಿದ್ದು, ಈಗ ಮಗ ನೋಡಿಕೊಳ್ಳುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ಮನೆಯಲ್ಲಿರುವವರು ನಾನು ಮತ್ತು ಮಗನ ಹೆಂಡತಿ ಇಬ್ಬರೇ. ಆಕೆಯನ್ನು ಇಲ್ಲಿ ಸೊಸೆ ಎಂದು ಬರೆಯದೆ ಮಗನ ಹೆಂಡತಿ ಎಂದು ಬರೆಯಲು ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ. ಆಕೆ ಸೊಲ್ಲಾಪುರದವಳು. ಊಟವಾದ ಮೇಲೆ ಓಣಿಯ ಹೆಂಗಸರ ಜಂಪರು ಹೊಲಿಯುತ್ತ, ಸೀರೆಗೆ ಫಾಲ್ ಹಚ್ಚುತ್ತ ಕೂಡುತ್ತಾಳೆ. ಎದುರಿಗೆ ಟಿವಿಯಲ್ಲಿ ಕೊರಿಯಾದ್ದೋ ಚೀನಾದ್ದೋ ಧಾರಾವಾಹಿ ಹಿಂದಿಯಲ್ಲಿ ಮಾತಾಡುತ್ತಿರುತ್ತದೆ. ಮೊದಮೊದಲು ನಾನು ಪೇಪರಿನ ಮರೆಯಿಂದ ನೋಡುತ್ತಿದ್ದೆ. ಈಗ ಪೇಪರು ಬಿಚ್ಚುವುದೂ ಇಲ್ಲ.

ನೋಡುತ್ತೇನೆ, ಆದರೆ ತಲೆ ಕೆಡುತ್ತದೆ. ಒಬ್ಬ ಎತ್ತರದ ಹುಡುಗ, ಮೊಣಕಾಲಿನ ತನಕ ಕೋಟು. ದೊಡ್ಡ ಕಂಪನಿಯ ಮಾಲೀಕನಂತೆ, ಆದರೆ ಆಫೀಸಿನಲ್ಲಿ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಆ ಹುಡುಗಿಯ ಮೇಲೆ ಮನಸ್ಸಿದೆ. ಆಕೆಗೂ ಇದೆ. ಊರಿಗೆಲ್ಲ ಗೊತ್ತಿದೆ. ಇವನು ಮಾತ್ರ ಹೇಳುವುದಿಲ್ಲ. ರಸ್ತೆಯ ಆಚೆ ಆಕೆ, ಈಚೆ ಇವನು, ನಡುವೆ ಕೆಂಪು ದೀಪ. ಕೂಗಿದರೆ ಕೇಳಿಸುತ್ತದೆ, ಆದರೆ ಕೂಗುವುದಿಲ್ಲ. ಸುಮ್ಮನೆ ನಿಂತು ನೋಡುತ್ತಾನೆ, ಹಿಂದೆ ಹಾಡು ಶುರುವಾಗುತ್ತದೆ. ನಮ್ಮ ಸೊಲ್ಲಾಪುರ ರಸ್ತೆಯಲ್ಲಿ ಹೀಗೆ ನಿಂತರೆ ಲಾರಿಯವನು ಹಾರ್ನು ಹೊಡೆದು ಅವನ ಮನೆತನವನ್ನೆಲ್ಲ ಎಬ್ಬಿಸುತ್ತಾನೆ. ಲಾರಿ ಅಲ್ಲಿಯೂ ಬರುತ್ತದೆ, ಆದರೆ ಸರಿಯಾಗಿ ಬಾಯಿ ತೆರೆಯುವ ಹೊತ್ತಿಗೆ ಬರುತ್ತದೆ. ಬಡಿಯುತ್ತದೆ. ಎಚ್ಚರವಾದಾಗ ಇವನಿಗೆ ಅಪ್ಪ ಅಮ್ಮ, ಕಂಪನಿ, ಕಾರು ಎಲ್ಲ ನೆನಪಿರುತ್ತದೆ. ಆ ಹುಡುಗಿಯೊಬ್ಬಳನ್ನು ಬಿಟ್ಟು.

"ಲೇ, ಹೇಳಿ ಸಾಯಲೇ ಮಗನ!" ಎಂದು ಒಮ್ಮೆ ಕೂಗಿಬಿಟ್ಟೆ.

ಮಗನ ಹೆಂಡತಿ ಮಷೀನು ನಿಲ್ಲಿಸದೆ ಅಂದಳು, "ಸಾವಕಾಶ್ರಿ ಮಾವಾರ, ನಿಮ್ಮ ಬಿಪಿ ಏರ್ತೈತಿ. ಹದಿನಾರನೇ ಎಪಿಸೋಡಿನ್ಯಾಗ ಹೇಳತಾನ."

"ಈಗ ಎಷ್ಟನೇದು?"

"ಒಂಬತ್ತು."

"ಅಲ್ಲೀತನ ಏನ್ ಮಾಡತಾನ ಅಂವ?"

"ಛತ್ರಿ ಹಿಡಕೊಂಡು ನಿಂದರತಾನ್ರಿ."

ಅವರಲ್ಲಿ ನನಗೆ ಒಪ್ಪಿಗೆಯಾದದ್ದು ಒಂದೇ ಒಂದು, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವುದು. ಉಳಿದದ್ದೆಲ್ಲ ಸಿಟ್ಟು ತರಿಸುತ್ತದೆ. ಹುಡುಗನ ತಾಯಿ ಹುಡುಗಿಯನ್ನು ಹೋಟೆಲಿಗೆ ಕರೆಸಿ, ಮುಖಕ್ಕೆ ನೀರು ಎರಚುತ್ತಾಳೆ. ಪ್ರತಿ ಧಾರಾವಾಹಿಯಲ್ಲೂ ಒಬ್ಬ ತಾಯಿ, ಒಂದು ಗ್ಲಾಸು ನೀರು. ಬಾಯಿಂದ ಒಂದು ಮಾತು ಹೇಳಿದರೆ ಮುಗಿಯುವುದಕ್ಕೆ ನೀರೇಕೆ ಎಂದು ನಾನು ಬೈಯುತ್ತಿದ್ದೆ. ಹಾಗೆ ಬೈಯುವ ಯೋಗ್ಯತೆ ನನಗೆ ಇರಲಿಲ್ಲ.

ಒಂದು ಮಧ್ಯಾಹ್ನ ಹೀಗಾಯಿತು. ಹತ್ತೋ ಹನ್ನೊಂದೋ ಎಪಿಸೋಡು. ಮನೆಯವರ ಮಾತಿಗೆ ಬಗ್ಗಿದ ಆ ಹುಡುಗ ಆಫೀಸಿನ ಬಾಗಿಲಲ್ಲಿ ಹುಡುಗಿಯನ್ನು ಕಂಡ. ಬೈಯಲಿಲ್ಲ. ತುಸು ಬಾಗಿ, ಮೆತ್ತಗೆ, ತಾವು ಹೇಗಿದ್ದೀರಿ ಎಂಬಂತೆ ಎರಡು ಮಾತಾಡಿ ಮುಂದೆ ನಡೆದ. ಹುಡುಗಿ ಅಲ್ಲಿಯೇ ನಿಂತು ಅಳತೊಡಗಿದಳು.

ನನಗೆ ರೇಗಿತು. "ಈಗ್ಯಾಕ ಅಳತಾಳಿಕಿ? ಮರ್ಯಾದಿಲೇ ಮಾತಾಡ್ಯಾನಲ್ಲ!"

ಮಷೀನು ನಿಂತಿತು. "ಅದಕ ಅಳಾಕತ್ತಾಳ್ರಿ ಮಾವಾರ. ಮರ್ಯಾದಿ ಕೊಟ್ಟನಲ್ಲ, ಅದಕ."

"ಹಂಗಂದ್ರ?"

"ಅವರ ಮಾತಿನ್ಯಾಗೂ ನಮ್ಮ ರಿ ಇದ್ದಂಗ ಒಂದು ಐತಂತ್ರಿ. ಹತ್ತರದವರಿಗೆ ಹಚ್ಚಂಗಿಲ್ಲ. ನಿನ್ನಿತನಾ ಹಚ್ಚಿದ್ದಿಲ್ಲ, ಇವತ್ತ ಹಚ್ಚಿದ. ಅಂದ್ರ ನೀ ಯಾರೋ, ನಾ ಯಾರೋ ಅಂದಂಗ. ಎಲ್ಲಾ ಮುಗೀತು ಅಂತ ಅದರಾಗ ಬಂತು."

ನಾನು ಎದ್ದು ಹೊರಗೆ ಕಟ್ಟೆಗೆ ಬಂದು ಕೂತೆ. ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು. ಅದರ ಸಪ್ಪಳದಲ್ಲಿಯೂ ನನಗೆ ಕೇಳಿಸಿದ್ದು ನನ್ನದೇ ಧ್ವನಿ.

ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು. ಅವಳಿಗೊಬ್ಬ ಮಗಳು. ನಮ್ಮ ಕಡೆ ಅಕ್ಕನ ಮಗಳಿಗೂ ಸೊಸಿ ಎನ್ನುತ್ತೇವೆ, ಮಗನ ಹೆಂಡತಿಗೂ ಸೊಸಿ ಎನ್ನುತ್ತೇವೆ. ಶಬ್ದ ಒಂದೇ ಆದದ್ದರಿಂದ, ಅಕ್ಕನ ಮಗಳನ್ನೇ ಮಗನಿಗೆ ತಂದುಕೊಳ್ಳುವುದೆಂದರೆ ಯಾರೂ ಬೇರೆ ಹೇಳಬೇಕಾಗುವುದಿಲ್ಲ, ಕರೆಯುವುದರಲ್ಲೇ ಮಾತು ಕೊಟ್ಟಂತೆ. ಆ ಕೂಸನ್ನು ತೊಟ್ಟಿಲಿನಿಂದಲೇ ಸೊಸಿ ಎಂದು ಕರೆದವನು ನಾನು. ನಾನು ಬಸ್ಸು ಇಳಿದು ಓಣಿಗೆ ಬರುತ್ತಿದ್ದಂತೆ ಆಕೆ ಓಡಿಬರುತ್ತಿದ್ದಳು. "ಯವ್ವಾ, ಮಾಮಾ ಬಂದಾನ! ಮಾಮಾ ಬಂದಾನ!" ಮರ್ಯಾದೆ ಗಿರ್ಯಾದೆ ಏನೂ ಇಲ್ಲ. ಅಕ್ಕ ಒಳಗಿನಿಂದ ಗದರುತ್ತಿದ್ದಳು, "ಬಂದಾರ ಅನ್ನ ಬೇ, ದೊಡ್ಡವರಿಗೆ." ಆಕೆ ನನ್ನ ಚೀಲದಲ್ಲಿ ಕೈ ಹಾಕಿಯೇ ಕೇಳುತ್ತಿದ್ದಳು, "ಏನ್ ತಂದಿ ಮಾಮಾ?"

ಮಗ ದುಡಿಯಲು ಶುರು ಮಾಡಿದಾಗ ಸೊಲ್ಲಾಪುರದ ಸಂಬಂಧ ಬಂತು. ಹುಡುಗಿಯ ತಂದೆಯದು ತಾಮ್ರದ ತಂತಿಯ ವ್ಯಾಪಾರ. ನನ್ನದು ತಂತಿ ಸುತ್ತುವ ಅಂಗಡಿ. ಇನ್ನು ಹೇಳುವುದೇನಿದೆ? ಮನಸ್ಸಿನಲ್ಲಿ ಆಗಲೇ ಒಪ್ಪಿಬಿಟ್ಟೆ. ಮಗನನ್ನು ಸರಿಯಾಗಿ ಕೇಳಲಿಲ್ಲ. ಅಕ್ಕನ ಮಗಳನ್ನಂತೂ ಕೇಳುವ ಪ್ರಶ್ನೆಯೇ ಹುಟ್ಟಲಿಲ್ಲ. ಆದರೆ ಬಬಲೇಶ್ವರಕ್ಕೆ ಹೋಗಿ ಹೇಳಬೇಕಲ್ಲ. ಬಸ್ಸಿನುದ್ದಕ್ಕೂ ಹೇಗೆ ಹೇಳಲಿ ಎಂದು ಒದ್ದಾಡಿದೆ.

ಹೋಗಿ ಕೂತೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ನೀರಿನ ಚರಗಿ ತಂದಳು. ಆಗ ಆಕೆ ದೊಡ್ಡವಳಾಗಿದ್ದಳು, ಚೀಲಕ್ಕೆ ಕೈ ಹಾಕುತ್ತಿರಲಿಲ್ಲ, ಆದರೆ ನನಗೆ ಇನ್ನೂ ಏಕವಚನವೇ. "ತಗೋ ಮಾಮಾ" ಎಂದು ಚರಗಿ ಚಾಚಿದಳು. ನಾನು ಕೈ ಚಾಚಲಿಲ್ಲ. ಆಕೆಯ ಮುಖವನ್ನೂ ನೋಡಲಿಲ್ಲ.

"ಇಡ್ರಿ ತಂಗಿ" ಅಂದೆ.

ಇಷ್ಟೇ ಅಂದದ್ದು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹುಡುಗಿಗೆ "ಸ್ವಲ್ಪ ಸರೀರಿ ತಂಗಿ" ಎನ್ನುತ್ತೇವಲ್ಲ, ಆ ತಂಗಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಕೆ ಚರಗಿಯನ್ನು ನನ್ನ ಕಾಲ ಬಳಿ ಇಟ್ಟಳು. "ಹೂನ್ರಿ" ಅಂದಳು. ಹುಟ್ಟಿದಾಗಿನಿಂದ ನನಗೆ ಆಕೆ ಹಚ್ಚಿದ ಮೊದಲ ರಿ ಅದು.

ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದಕ್ಕೆ ನಾನು ಏನನ್ನೂ ಉಳಿಸಿರಲಿಲ್ಲ. ಊಟ ಮಾಡಿದೆ, ಮಜ್ಜಿಗೆಯನ್ನೂ ಎರಡನೇ ಸಲ ಹಾಕಿಸಿಕೊಂಡೆ. ಬಾಯಿ ಕೆಡಿಸಿಕೊಳ್ಳದೆ, ಜಗಳವಿಲ್ಲದೆ ಕೆಲಸ ಮುಗಿಸಿದೆನೆಂದು ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಈಗ ನೆನೆದರೆ ಆ ಹೆಮ್ಮೆಯೇ ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ.

ಅಕ್ಕನ ಮುಂದೆ ಆಮೇಲೆ ತಪ್ಪಾಯಿತೆಂದೆ. ಅವಳು ಬೈದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ಪಂಚಮಿಗೆ ಮತ್ತೆ ಬಾ ಎಂದಳು. ಅವಳು ಈಗಿಲ್ಲ. ಮಗಳನ್ನು ತಿಕೋಟಾಕ್ಕೆ ಕೊಟ್ಟರು. ಒಳ್ಳೆಯ ಮನೆ, ದ್ರಾಕ್ಷಿ ತೋಟವಿದೆ. ಆಕೆ ಚೆನ್ನಾಗಿಯೇ ಇದ್ದಾಳಲ್ಲ, ಹಳೆಯದನ್ನು ಕೆದಕುವುದೇಕೆ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಸೊಲ್ಲಾಪುರದಿಂದ ಮನೆಗೆ ಬಂದವಳೂ ಬಂಗಾರದಂಥವಳು. ಒಬ್ಬಳ ಮುಂದೆ ತಪ್ಪಾಯಿತೆಂದರೆ ಇನ್ನೊಬ್ಬಳನ್ನು ತಂದದ್ದೇ ತಪ್ಪು ಎಂದಂತಾಗುತ್ತದಲ್ಲ ಎಂಬ ನೆಪವೂ ಸಿಕ್ಕಿತು. ಸೊಸಿ ಎಂಬ ಶಬ್ದವನ್ನು ಇಲ್ಲಿ ಮಗನ ಹೆಂಡತಿಗೆ ಬಳಸದೆ ತಡೆಹಿಡಿದದ್ದು ಇದಕ್ಕೇ. ಅದನ್ನು ಮೊದಲು ಯಾರಿಗೆ ಕೊಟ್ಟಿದ್ದೆನೋ ಅವರಿಗೆ ತಿರುಗಿ ಮುಟ್ಟಬೇಕು.

ತಮಾಷೆಯೆಂದರೆ ಈ ಇಬ್ಬರು ಹೆಂಗಸರು ಗೆಳತಿಯರಾಗಿದ್ದಾರೆ. ಕಾರಣ ಅದೇ ಕೊರಿಯಾದ ಹುಡುಗ. ಒಬ್ಬಳು ಇಲ್ಲಿ ಜಂಪರು ಹೊಲಿಯುತ್ತ ನೋಡುತ್ತಾಳೆ, ಇನ್ನೊಬ್ಬಳು ತಿಕೋಟಾದಲ್ಲಿ ಒಣದ್ರಾಕ್ಷಿಯ ಕಡ್ಡಿ ತೆಗೆಯುತ್ತ ನೋಡುತ್ತಾಳೆ, ಆಮೇಲೆ ಇಬ್ಬರೂ ಫೋನಿನಲ್ಲಿ ಅವನನ್ನು ಬೈಯುತ್ತಾರೆ. ಹೋದ ತಿಂಗಳು ಅಕ್ಕನ ಮಗಳ ಜಂಪರುಗಳನ್ನು ಮುಟ್ಟಿಸಿ ಬರುತ್ತೇನೆಂದು ಮಗನ ಹೆಂಡತಿ ಹೊರಟಾಗ ನಾನೂ ಬರುತ್ತೇನೆಂದೆ. ಆಕೆ ನನ್ನನ್ನು ಒಂದು ನಮೂನೆ ನೋಡಿ, "ಬರ್ರಿ" ಅಂದಳು.

ಈ ಸಲವೂ ಬಸ್ಸಿನಲ್ಲಿ ಒದ್ದಾಡಿದೆ. ಆಕೆ ನೀರು ತರುತ್ತಾಳೆ, ಆಗ "ಕೊಡು ಸೊಸಿ" ಎನ್ನಬೇಕು. ಅಷ್ಟು ಬಾಯಿಂದ ಬಂದರೆ ಉಳಿದದ್ದು ತಾನೇ ಬರುತ್ತದೆ ಎಂದು ಲೆಕ್ಕ ಹಾಕಿದೆ. ಕೊಡು ಸೊಸಿ, ಕೊಡು ಸೊಸಿ ಎಂದು ತುಟಿಯೊಳಗೆ ಅಂದುಕೊಳ್ಳುತ್ತ ತಿಕೋಟಾ ಮುಟ್ಟಿದೆ.

ಆಕೆ ಪಡಸಾಲೆಯಲ್ಲಿ ಒಣದ್ರಾಕ್ಷಿಯ ರಾಶಿಯ ಮುಂದೆ ಕೂತಿದ್ದಳು. ಫೋನನ್ನು ಡಬ್ಬಿಗೆ ಆನಿಸಿ ಧಾರಾವಾಹಿ ಹಚ್ಚಿದ್ದಳು. ನಮ್ಮನ್ನು ಕಂಡು ಎದ್ದು, ಒಳಗಿದ್ದ ಗಂಡನಿಗೆ ಕೂಗಿದಳು, "ಏನ್ರೀ, ಮಾಮಾರು ಬಂದಾರ." ಅಂದಿನ "ಮಾಮಾ ಬಂದಾನ" ಈಗ ಬಂದಾರ ಆಗಿತ್ತು.

"ಬರ್ರಿ ಮಾಮಾ, ಕುಂಡ್ರಿ." ಮಗನ ಹೆಂಡತಿಯ ಕಡೆ ತಿರುಗಿದಳು. "ಬಾ ವೈನಿ. ಈ ಸುಡಗಾಡನ ನೋಡಿದ್ಯಾ? ಮತ್ತ ಮಳ್ಯಾಗ ನಿಂತಾನ, ಬಾಯಿ ಬಿಡವಲ್ಲ."

"ನಮ್ಮ ಮಾವಾರಂತೂ ಇಂವನ ಸಲುವಾಗಿ ಗುಳಗಿ ತಗೊಳ್ಳೂದು ಚಾಲೂ ಮಾಡ್ಯಾರ್ರಿ ಅಕ್ಕಾರ."

"ಕಪಾಳಕ್ಕ ಎರಡು ಬಿಟ್ರ ಬಾಯಿ ಬಿಡತಾನ" ಅಂದೆ ನಾನು. ನನ್ನ ಧ್ವನಿ ದೊಡ್ಡದಾಯಿತು.

ಆಕೆ ನಕ್ಕಳು. "ಮಾತು ಬರತಾವ್ರಿ ಮಾಮಾ ಅಂವಗ. ಬ್ಯಾಡಾದಾಗ ಬರತಾವ."

ನಗುತ್ತಲೇ ಒಳಗೆ ಹೋಗಿ ನೀರು ತಂದಳು. ಅದೇ ನಡಿಗೆ, ಕೂದಲು ಮಾತ್ರ ಅಲ್ಲಲ್ಲಿ ಬೆಳ್ಳಗಾಗಿದೆ. "ತಗೊಳ್ರಿ ಮಾಮಾ" ಎಂದು ಗ್ಲಾಸು ಚಾಚಿದಳು. ನಾನು ಬಾಯಿ ತೆರೆದೆ.

"ಇಡ್ರಿ ತಂಗಿ."

ಯಾರು ಅಂದರು ಅದನ್ನು? ನಾನೇ. ಇಷ್ಟು ವರ್ಷ ಹೋದಾಗಲೆಲ್ಲ, ಮದುವೆ ಮುಂಜಿಯಲ್ಲಿ ಕಂಡಾಗಲೆಲ್ಲ ಅಂದು ಅಂದು ನಾಲಿಗೆಗೆ ಅದೇ ದಾರಿ ಬಿದ್ದಿದೆ. ಆಕೆಯ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. "ಹೂನ್ರಿ" ಎಂದು ಗ್ಲಾಸನ್ನು ಕೆಳಗಿಟ್ಟಳು. ತಿರುಗಿ ಹೋಗಿ ದ್ರಾಕ್ಷಿಯ ಮುಂದೆ ಕೂತು ಕಡ್ಡಿ ತೆಗೆಯತೊಡಗಿದಳು. ಫೋನಿನಲ್ಲಿ ಆ ಹುಡುಗ ಇನ್ನೂ ಮಳೆಯಲ್ಲಿ ನಿಂತಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೀರು ಕುಡಿದೆ.

ಹೊರಡುವಾಗ ಆಕೆ ಒಂದು ಚೀಲ ಒಣದ್ರಾಕ್ಷಿ ಕೊಟ್ಟಳು. ಬಸ್ಸಿನಲ್ಲಿ ಮಗನ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕಡೆ ತಿರುಗದೆಯೇ ಅಂದಳು, "ನನಗ ಎಲ್ಲಾ ಗೊತ್ತೈತ್ರಿ ಮಾವಾರ. ತಿಕೋಟಾದ ಅಕ್ಕಾರ ಹೇಳ್ಯಾರ. ನನ್ನ ಸಲುವಾಗಿ ನೀವು ಸುಮ್ಮಕಿರೂದು ಬ್ಯಾಡ."

ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

"ಆ ಹೀರೋ ಹದಿನಾರನೇದ್ರಾಗರ ಹೇಳತಾನ್ರಿ" ಅಂದಳು. "ನೀವು ಎಷ್ಟನೇದ್ರಾಗ ಅದೀರಿ?"

ಮನೆಗೆ ಬಂದು ಮತ್ತೊಮ್ಮೆ ಇದನ್ನು ಬರೆಯಲು ಕೂತೆ. ಬಾಯಿಂದ ಬರದದ್ದು ಕೈಯಿಂದಲಾದರೂ ಬರಲಿ ಎಂದು. ಮಗನ ಹೆಂಡತಿ ಇದನ್ನು ಫೋನಿನಲ್ಲಿ ಫೋಟೋ ಹೊಡೆದು ತಿಕೋಟಾಕ್ಕೆ ಕಳಿಸುತ್ತೇನೆಂದು ಬಾಗಿಲಲ್ಲೇ ನಿಂತಿದ್ದಾಳೆ. ಕಳಿಸಲಿ. ಅಂದು ನಾನು ಕೈ ಚಾಚಿ ತೆಗೆದುಕೊಳ್ಳದ ಆ ಚರಗಿ ನೀರು ತಂದವಳು, ಯಾರ ಮುಂದೆ ನಾನು ಇಂದಿಗೂ ತಪ್ಪಾಯಿತೆಂದಿಲ್ಲವೋ ಅವಳು, ಯಾರೋ ತಂಗಿ ಅಲ್ಲ. ಆಕೆ ನನ್ನ ಸೊಸಿ.