ಉಳವಿಯಿಂದ ತಂದ ಉಜ್ಜುಗೊರಡು

ಹಲಗೆ ಕೀಸುವ ನಮ್ಮ ಹಳೆಯ ಉದ್ದ ಉಜ್ಜುಗೊರಡು ಸೀಳಿದ್ದು ನನ್ನ ತಪ್ಪಿನಿಂದಲೇ. ಕೆಲಸ ಮುಗಿದ ಮೇಲೆ ಅಲಗನ್ನು ಬಿಗಿದ ಬೆಣೆ ಸಡಿಲಿಸಿ ಅದನ್ನು ತೆಗೆದಿಡಬೇಕೆಂದು ಅಪ್ಪ ಸಾವಿರ ಸಲ ಹೇಳಿದ್ದರು. ಅವತ್ತು ಯಾವುದೋ ಸಿಟ್ಟಿನಲ್ಲಿ ಹಾಗೆಯೇ ಬಿಸಿಲಿಗೆ ಬಿಟ್ಟು ಎದ್ದು ಹೋದೆ. ಸಂಜೆ ಬಂದು ನೋಡಿದರೆ ಬೆಣೆಯ ಬಿಗಿತಕ್ಕೆ ಮರ ಬಾಯಿಬಿಟ್ಟಿತ್ತು. ನನಗಾಗ ಇಪ್ಪತ್ತೊಂದು ವರ್ಷ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲಿಂದ ಬಹಳ ದೂರವೇನೂ ಹೋಗಿಲ್ಲ.

ಇದು ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದ ನಮ್ಮ ಮನೆಯ ಹಿತ್ತಲ ಚಪ್ಪರದಲ್ಲೇ ಅಪ್ಪನ ಬಡಗಿ ಕೆಲಸ ನಡೆಯುತ್ತಿತ್ತು. ಅಮ್ಮ ತೀರಿಕೊಂಡಿದ್ದಳು, ಇದ್ದದ್ದು ನಾವಿಬ್ಬರೇ. ಅಪ್ಪನ ಕಣ್ಣಿಗೆ ಪೊರೆ ಬಂದು, ಎದುರು ನಿಂತವರೂ ಬರೀ ನೆರಳಾಗಿ ಕಾಣುತ್ತಿದ್ದರು. ಹೆಸರು ಅವರದು, ಕೈ ನನ್ನದು. ಹೆಣ್ಣುಮಗಳು ಕೀಸಿದ ಕದವೆಂದು ತಿಳಿದರೆ ಯಾರೂ ಹೊಸ್ತಿಲಿಗೆ ನಿಲ್ಲಿಸುತ್ತಿರಲಿಲ್ಲ. ಬಳ್ಳಿಗಾವಿಯ ಒಂದು ಹೊಸ ಮನೆಗೆ ಹಲಸಿನ ಜೋಡಿ ಕದ ಒಪ್ಪಿಕೊಂಡಾಗ ಅಪ್ಪ ನೇರವಾಗಿ ಹೇಳಿಬಿಟ್ಟರು.

"ಈ ಕದ ಕೂಡಿ ಬಂದ್ರೆ ಉಳಿ, ಗರಗಸ ಎಲ್ಲಾ ನಿಂದೇ. ಬರ್ಲಿಲ್ಲ ಅಂದ್ರೆ ನಿನ್ ದೊಡ್ಡಪ್ಪನ ಮಗ ಬಂದು ಹೊತ್ಕಂಡು ಹೋಗ್ತಾನೆ. ಆಮ್ಯಾಲೆ ನನ್ ಮ್ಯಾಲೆ ಸಿಟ್ ಮಾಡ್ಬ್ಯಾಡ."

ಕದ ಕೂಡುವುದು ಹಲಗೆಗಳ ಅಂಚಿನಲ್ಲಿ. ಎರಡು ಹಲಗೆಯ ಅಂಚುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕು ಇಣುಕಬಾರದು. ಚಿಕ್ಕ ಉಜ್ಜುಗೊರಡು ಹಲಗೆಯ ಏರುತಗ್ಗಿನ ಹಿಂದೆಯೇ ಹತ್ತಿ ಇಳಿಯುತ್ತದೆ. ಒಂದೂವರೆ ಮೊಳದ ಉದ್ದನೆಯದಾದರೆ ಏರನ್ನಷ್ಟೇ ಕೀಸುತ್ತ ಹೋಗಿ ನೆಟ್ಟಗೆ ಮಾಡುತ್ತದೆ. ಅದಿಲ್ಲದೆ ಈ ಕೆಲಸ ಸಾಧ್ಯವಿರಲಿಲ್ಲ.

ಉಳವಿಯಲ್ಲಿ ಒಬ್ಬ ಬಡಗಿ ತೀರಿಕೊಂಡಿದ್ದಾನೆ, ಹೆಂಡತಿ ಸಾಮಾನು ಕೊಡುತ್ತಾಳಂತೆ ಎಂಬ ಸುದ್ದಿ ಬಂತು. ಅಪ್ಪನ ಕೈಹಿಡಿದುಕೊಂಡು ಬಸ್ಸು ಹತ್ತಿದೆ. ಆಕೆ ಮೂರು ಉದ್ದ ಉಜ್ಜುಗೊರಡುಗಳನ್ನು ಕಟ್ಟೆಯ ಮೇಲೆ ಇಟ್ಟಳು. ನಾನು ಒಂದೊಂದರ ತಳವನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಒಂದು ತಿರುಚಿಕೊಂಡಿತ್ತು, ಇನ್ನೊಂದರಲ್ಲಿ ಅಲಗು ಹೊರಬರುವ ಬಾಯಿ ಸವೆದು ಅಗಲವಾಗಿತ್ತು. ಅಪ್ಪ ಮೂರನೆಯದರ ತಳದ ಮೇಲೆ ಅಂಗೈ ಎಳೆದರು, ಬೆರಳಗೆಣ್ಣಿನಿಂದ ಬಡಿದು ಕೇಳಿದರು. ಬೀಟೆ ಮರದ್ದು.

"ಇದು," ಎಂದರು.

"ಅದೊಂದು ಬ್ಯಾಡ್ರೀ ಅಣ್ಣ," ಎಂದಳು ಆಕೆ. "ಉಳಿದಿದ್ದರ ಬೆಣೆ ಎಲ್ಲ ಅವತ್ತೇ ಸಡ್ಲ ಮಾಡ್ಸಿದ್ವಿ. ಇದು ಅಟ್ಟದ ಮೇಲಿತ್ತು, ಮರ್ತೇ ಹೋಯ್ತು. ಹಿಡಿ ಮುಟ್ಟಿ ನೋಡ್ರಿ, ಇನ್ನೂ ಒಣಗಿಲ್ಲ."

ನಮ್ಮವರಲ್ಲಿ ಒಂದು ಪದ್ಧತಿ. ಕಸುಬಿನವನು ಸತ್ತ ದಿನವೇ ಅವನ ಉಪಕರಣಗಳ ಬೆಣೆ ಬಿಡಿಸಬೇಕು. ಬಿಗಿದ ಬೆಣೆಯಲ್ಲಿ ಅವನ ಕೆಲಸ ಬಾಕಿ ಉಳಿಯುತ್ತದಂತೆ. ನಾನು ಹಿಡಿ ಮುಟ್ಟಿದೆ. ಆಗಷ್ಟೇ ಯಾರೋ ಬಿಟ್ಟು ಎದ್ದಂತೆ ಬೆವರಿನ ತೇವವಿತ್ತು. ಕೈಯನ್ನು ಸೀರೆಗೆ ಒರೆಸಿಕೊಂಡೆ.

"ಮನಿಗ್ ಹೋಗಿ ನಾನೇ ಬಿಡಿಸ್ತೀನಿ ಬಿಡ್ರಿ ತಂಗೆಮ್ಮ," ಎಂದರು ಅಪ್ಪ.

ಬಿಡಿಸಲಿಲ್ಲ. ಮನೆಗೆ ಬಂದು ಒಂದು ಎಳೆ ಕೀಸಿದರು, ನಿಂತರು, ಇನ್ನೊಂದು ಕೀಸಿದರು. ಈರುಳ್ಳಿಯ ಮೇಲ್ಸಿಪ್ಪೆಯಷ್ಟು ತೆಳುವಾದ ಸುರುಳಿ ತುಂಡಾಗದೆ ಹಲಗೆಯ ಉದ್ದಕ್ಕೂ ಬಂತು. "ಅಲಗು ಹಿಂಗ್ ಕೂರ್ಸೋ ಕೈ ಈಗೆಲ್ಲೈತಿ? ತೆಗೆದ್ರೆ ಮತ್ತ ನನ್ನಿಂದ್ಲೂ ಆಗಂಗಿಲ್ಲ. ಇರ್ಲಿ." ಕೆಲಸಗಾರನ ಆಸೆ ಅದು, ನಾನು ಏನು ಹೇಳಲಿ? ಅಪ್ಪ ಹೇಳಿದಂತೆ ತಳಕ್ಕೆ ಎಳ್ಳೆಣ್ಣೆ ಸವರಿ, ಅಲಗು ನೆಲಕ್ಕೆ ತಾಗದಂತೆ ಮಗ್ಗುಲಾಗಿ ಮಲಗಿಸಿಡುತ್ತಿದ್ದೆ. ಹಲಸು ಕೀಸಿದರೆ ಅಲಗು ಬೇಗ ಮೊಂಡಾಗುತ್ತದೆ. ಇದು ಆಗಲಿಲ್ಲ. ಸಾಣೆಕಲ್ಲು ಒಣಗಿ ಬಿದ್ದಿತ್ತು.

ನನ್ನ ಕೈಯಲ್ಲಿ ಮಾತ್ರ ಅದು ಕುಂಟುತ್ತಿತ್ತು. ಎಡಕ್ಕೆ ಎಳೆಯುತ್ತಿತ್ತು, ನಡುವೆ ಹಾರುತ್ತಿತ್ತು. ನಾನು ಬೈಯುತ್ತಲೇ ಕೀಸುತ್ತಿದ್ದೆ. ಅಪ್ಪ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಬಾವಿಯಿಂದ ನೀರು ತಂದು ಒಳಗೆ ಕಾಲಿಡುತ್ತಿದ್ದಂತೆ ಅಪ್ಪ, "ಈಗ ನೋಡು ಕೈ ಕುದುರ್ತು," ಎಂದರು. ಹುಟ್ಟಿದ ಮೇಲೆ ಅವರ ಬಾಯಿಂದ ಕೇಳಿದ ಮೊದಲ ಹೊಗಳಿಕೆ. ನಾನು ಅರ್ಧ ಗಂಟೆಯಿಂದ ಬಾವಿಕಟ್ಟೆಯಲ್ಲಿದ್ದೆ. ಚಪ್ಪರಕ್ಕೆ ಹೋಗಿ ನೋಡಿದೆ. ಉಜ್ಜುಗೊರಡು ನಾನು ಇಟ್ಟ ಹಾಗೆಯೇ ಮಗ್ಗುಲಾಗಿ ಮಲಗಿತ್ತು. ಗುಡಿಸಿ ಹೋಗಿದ್ದ ನೆಲದ ಮೇಲೆ ಒಂದೇ ಒಂದು ಸುರುಳಿ ಬಿದ್ದಿತ್ತು, ಹಲಗೆಯಷ್ಟೇ ಉದ್ದದ್ದು.

ಕೀಸಿದ್ದು ನಾನಲ್ಲ ಎಂದು ಅಪ್ಪನಿಗೆ ಹೇಳಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊಗಳಿಕೆ ನನಗೆ ಬೇಕಾಗಿತ್ತು. ಮರುದಿನವೂ ಅದೇ ಹೊತ್ತಿಗೆ ಬಾವಿಗೆ ಹೋದೆ. ಕೊಡ ತುಂಬುವ ಮೊದಲೇ ಹಿತ್ತಲಿನಿಂದ ಸದ್ದು ಬಂತು, ಉಸಿರು ಎಳೆದು ಬಿಟ್ಟಂತೆ, ಒಂದೇ ಸಮ. ಅಪ್ಪನೇ ತಡವುತ್ತ ಹೋಗಿ ಕೀಸುತ್ತಿರಬೇಕು ಎಂದುಕೊಂಡು ಓಡಿದೆ. ಅಪ್ಪ ಜಗಲಿಯ ಮೇಲೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸದ್ದು ಇನ್ನೂ ಬರುತ್ತಿತ್ತು. ನಾನು ಚಪ್ಪರದೊಳಗೆ ಹೆಜ್ಜೆಯಿಟ್ಟ ಕೂಡಲೇ ನಿಂತಿತು. ಹಿಡಿ ಒದ್ದೆಯಾಗಿತ್ತು.

ಭಯವಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಹೀಗೆಯೇ ಬಿಟ್ಟರೆ ಕದ ಕೂಡುತ್ತಿತ್ತು, ಉಳಿ ಗರಗಸಗಳೂ ನನಗೆ ಸಿಗುತ್ತಿದ್ದವು. ಸತ್ತವನ ದುಡಿಮೆ ಉಂಡು ನಾನು ಬಡಗಿ ಅನ್ನಿಸಿಕೊಳ್ಳಬೇಕೆ? ಪಾಪ, ಅವನಿಗೆ ಬಿಡುಗಡೆ ಬೇಡವೆ? ಮರದ ಕೊಡತಿ ತೆಗೆದುಕೊಂಡು ಉಜ್ಜುಗೊರಡಿನ ಹಿಂಬದಿಗೆ ಮೂರು ಪೆಟ್ಟು ಕೊಟ್ಟೆ. ಎರಡಕ್ಕೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಬೆಣೆ ಹಾರಿ ನೆಲಕ್ಕೆ ಬಿತ್ತು. ಅಲಗು ಹೊರತೆಗೆದು ನೋಡಿದರೆ ಅದರ ಅಂಚು ಪೂರಾ ಮೊಂಡು, ಅಲ್ಲಲ್ಲಿ ತುಕ್ಕು. ಅದರಲ್ಲಿ ಬೆಣ್ಣೆಯನ್ನೂ ಕೀಸಲಾಗುತ್ತಿರಲಿಲ್ಲ.

ಸಾಣೆಕಲ್ಲಿಗೆ ನೀರು ಹಾಕಿದೆ. ಎರಡು ದಿನ ಮಸೆದೆ. ಅಲಗು ಕೂರಿಸಿದೆ, ತೆಗೆದೆ, ಮತ್ತೆ ಕೂರಿಸಿದೆ. ಮೂರನೆಯ ದಿನ ಉಳಿದ ಕೊನೆಯ ಎರಡು ಅಂಚುಗಳನ್ನು ಕೀಸಿದೆ. ಅಪ್ಪ ಜಗಲಿಯಿಂದ ಎದ್ದು ಗೋಡೆ ಹಿಡಿದುಕೊಂಡು ಚಪ್ಪರಕ್ಕೆ ಬಂದರು.

"ಇವತ್ತು ನೀನು," ಎಂದರು.

"ಹಂಗಾರೆ ಅವತ್ತು ಕೈ ಕುದುರ್ತು ಅಂದ್ರಲ್ಲ ಅಪ್ಪ?"

"ಅದು ನಿಂಗಂದಿದ್ದಲ್ಲ."

ಅಷ್ಟು ದಿನವೂ ಅವರಿಗೆ ಗೊತ್ತಿತ್ತು. ನಾನಿಲ್ಲದ ಹೊತ್ತಿನಲ್ಲಿ ಕುಳಿತು ಆ ಸತ್ತ ಬಡಗಿಯ ಕೆಲಸ ಕೇಳಿಸಿಕೊಂಡು, ಅವನನ್ನು ಮಾತಾಡಿಸುತ್ತಿದ್ದರು. ನನಗೆ ಅಳು ಬಂತು. ಭಯಕ್ಕಲ್ಲ, ಆ ಹೊಗಳಿಕೆ ನನ್ನದಲ್ಲವಲ್ಲ ಎಂದು.

"ಹಲಗೆ ಎತ್ತಿ ಹಿಡಿ. ಬೆಳಕು ಕಾಣ್ತತೇನು?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವರಿಗೆ ಕಾಣುವುದಿಲ್ಲವಲ್ಲ. ಕೆಳತುದಿಯಲ್ಲಿ ಕೂದಲೆಳೆಯಷ್ಟು ಬಿಸಿಲು ಇಣುಕುತ್ತಿತ್ತು.

"ಕಾಣ್ತತಿ," ಎಂದೆ. "ಕೆಳಗಡೆ, ಒಂಚೂರು."

ಅಪ್ಪ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ನನ್ನ ತುಂಡು ತುಂಡು ಸುರುಳಿಗಳನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು.

"ಇನ್ನೊಂದೆಳಿ ತೆಗಿ. ದೊಡ್ಡಪ್ಪನ ಮಗನಿಗೆ ಬರಾದು ಬ್ಯಾಡ ಅಂತ ಹೇಳಿ ಕಳ್ಸು."

ಉಜ್ಜುಗೊರಡು ಕೈಗೆತ್ತಿಕೊಂಡೆ. ಹಿಡಿ ಒದ್ದೆಯಾಗಿತ್ತು. ಬೆಚ್ಚಿ ಅಂಗೈ ನೋಡಿಕೊಂಡೆ, ಬೆವರು ನನ್ನದೇ.