ಅಮರೇಶನ ತೋಯ್ದ ತಲೆ

ನಂಬಬೇಡಪ್ಪ, ನಂಬು ಅಂತ ನಿನಗೆ ಹೇಳಿದವರು ಯಾರು? ಅಮರೇಶ ಓಡಿದರೆ ಅವನ ನೆರಳು ಹಿಂದೆ ಬೀಳುತ್ತಿತ್ತು. ಅವನು ಮನೆಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಅದು ಏದುಸಿರು ಬಿಡುತ್ತ ಬಂದು ಸೇರುತ್ತಿತ್ತು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳು. ನಗುತ್ತಾರೆ, ಆದರೆ ಇಲ್ಲ ಅನ್ನುವುದಿಲ್ಲ. ಹೋಗಲಿ, ನೆರಳಿನ ಮಾತು ಬಿಡು. ಹೊಸಹಳ್ಳಿಯ ಮುದುಕಿ ಎರ್ರೆಮ್ಮನ ಸಂಗತಿ ಮಾತ್ರ ಖರೆ.

ಅಮರೇಶನದು ಶಾಮಿಯಾನದ ಅಂಗಡಿ. ಮದುವೆ ಮನೆಗೂ ಅವನೇ, ಸಾವಿನ ಮನೆಗೂ ಅವನೇ. ಸಕ್ಕರೆ ಕಾಯಿಲೆ ಬಂದೀತು ಎಂದು ಡಾಕ್ಟರು ಹೆದರಿಸಿದ್ದಕ್ಕೆ ಓಡಲು ಶುರು ಮಾಡಿದವನು, ಹುಚ್ಚು ಹತ್ತಿ ಟ್ರಯಥ್ಲಾನ್‌ವರೆಗೆ ಹೋದ. ಮೊದಲು ಈಜು, ಆಮೇಲೆ ಸೈಕಲ್, ಕಡೆಗೆ ಓಟ, ನಡುವೆ ಕೂರುವಂತಿಲ್ಲ. ಬೇಸಿಗೆಯಲ್ಲಿ ಮದುವೆಯ ಮೇಲೆ ಮದುವೆ, ತಾಲೀಮಿಗೆ ಹೊತ್ತೆಲ್ಲಿ? ಹಾಗಾಗಿ ಕಂಬ ಹೊತ್ತ ಟೆಂಪೊ ಮುಂದೆ, ಸೈಕಲ್ ತುಳಿಯುತ್ತ ಇವನು ಹಿಂದೆ. ಊರು ಮುಟ್ಟುವ ಮೊದಲು ಯಾರದೋ ಹೊಲದ ಬಾವಿಯಲ್ಲಿ ಈಜು.

ಅಲ್ಲೇ ಎಡವಟ್ಟಾದದ್ದು. ನಮ್ಮ ಕಡೆ ಮಣ್ಣಿಗೆ, ಅಂದರೆ ಹೆಣ ಹೂಳಲು, ಹೋಗಿ ಬಂದವನು ತಲೆ ತೋಯಿಸಿಕೊಂಡೇ ಹೊಸಿಲು ದಾಟುವುದು. ಹೊತ್ತಲ್ಲದ ಹೊತ್ತಿನಲ್ಲಿ ತೋಯ್ದ ತಲೆ ಕಂಡರೆ ಯಾರಿಗಾದರೂ ಅನುಮಾನವೇ.

ಹೊಸಹಳ್ಳಿಯಲ್ಲಿ ಎರ್ರೆಮ್ಮನ ಮೊಮ್ಮಗಳ ಮದುವೆ. ಹಿಂದಿನ ದಿನ ಹಂದರ ಹಾಕಲು ಬಂದ ಅಮರೇಶ ಸೈಕಲ್ ಇಳಿದದ್ದೇ ತಡ, ಹೆಂಗಸರೆಲ್ಲ ಅವನ ತೋಯ್ದ ತಲೆಯತ್ತ ತಿರುಗಿದರು. ಏನೋ ಕೆಟ್ಟಿದೆ ಎಂದು ಅವನಿಗೂ ಅನ್ನಿಸಿತು.

“ಯಾರ್ ಹೋದ್ರಲೇ?” ಎರ್ರೆಮ್ಮ ಕೇಳಿದಳು.

“ಯಾರೂ ಹೋಗಿಲ್ಲಬೇ ಯವ್ವಾ.”

“ಮತ್ತ ಮಟಮಟ ಮಧ್ಯಾಹ್ನ ತಲಿ ಯಾಕ ತೋಯ್ದೈತಿ?”

“ಬಾವ್ಯಾಗ ಈಜಿ ಬಂದೆ.”

“ಯಾರರ ಬಿದ್ದಿದ್ರೇನು?”

“ಇಲ್ಲವ್ವ, ಸುಮ್ನ ಈಜಿದೆ. ನಾಳಿ ಪಂದ್ಯ ಐತಿ.”

“ಮಕ್ಳು ಬೆಳದು ನಿಂತಾರ, ಸುಮ್ನ ಈಜಿದ್ನಂತ! ನಿನ್ನೆ ನಿನ್ ಟೆಂಪೋದಾಗ ಸಾವಿನ ಮನಿಗೆ ಹಾಕೋ ಬಿಳಿ ಟೆಂಟ್ ಹೋಗಿದ್ದು ನಾನಾ ಕಂಡೀನಿ.”

“ಅದು ಅರವಟ್ಟಿಗಿದು, ನೀರ್ ಕುಡಿಸಾಕ!”

ಎರ್ರೆಮ್ಮ ಕಂಬಕ್ಕೆ ಅಡ್ಡ ನಿಂತಳು. “ತಲಿ ಒಣಗೋತನಕ ಕಂಬ ಮುಟ್ಟಬ್ಯಾಡ. ನಾಳಿ ಅಕ್ಕಿಕಾಳಿಗೂ ಒಣ ತಲಿಲೇ ಬರಬೇಕು. ತೋಯ್ದಿದ್ದು ಕಂಡ್ನೋ, ಹಂದರ ಬಿಚ್ಚಿಸಿ ಕೊಟ್ಟೂರಿಂದ ಹರಪನಹಳ್ಳಿತನಕ ಸುದ್ದಿ ಮುಟ್ಟಿಸ್ತೀನಿ. ಸಾವಿನ ಮನಿಲಿಂದ ಸೀದಾ ಮದಿವಿ ಮನಿಗೆ ಬರ್ತಾನ ಅಂತ.”

ಆ ಮಾತು ಹಬ್ಬಿದರೆ ಬೇಸಿಗೆಯೇ ಮುಗಿದಂತೆ. ಶಾಮಿಯಾನ ಮಡಚಿ ಅಟ್ಟಕ್ಕೆ ಹಾಕುವುದೊಂದೇ ದಾರಿ.

ಮರುದಿನ ಬೆಳಗಿನಲ್ಲೇ ತಂಬ್ರಹಳ್ಳಿ ಕಡೆಯ ಹಿನ್ನೀರಿನಲ್ಲಿ ಪಂದ್ಯ. ಅವನು ಈಜಿದ ರಭಸಕ್ಕೆ ಮೀನುಗಳು ದಡಕ್ಕೆ ಬಂದು ನಿಂತು ನೋಡಿದವಂತೆ. ಆಯಿತು ಮಾರಾಯ, ಎರಡೇ ಮೀನು. ಪಂದ್ಯದಲ್ಲಿ ಈಜೇ ಮೊದಲಾದ್ದು ಅವನ ಪುಣ್ಯ. ಸೈಕಲ್ ತುಳಿದು ಓಟ ಮುಗಿಸುವ ಹೊತ್ತಿಗೆ ಏಪ್ರಿಲ್ ಬಿಸಿಲು ಅವನ ತಲೆಯನ್ನು ಹಪ್ಪಳದಂತೆ ಒಣಗಿಸಿತ್ತು. ಟೆಂಪೊ ಹತ್ತಿ, ಮದುಮಕ್ಕಳ ತಲೆ ಮೇಲೆ ಅಕ್ಕಿಕಾಳು ಬೀಳುವ ಮುಂಚೆ ಹೊಸಹಳ್ಳಿ ಮುಟ್ಟಿದ.

ಎರ್ರೆಮ್ಮ ಬಾಗಿಲಲ್ಲೇ ತಡೆದು ಅವನ ಕೂದಲಲ್ಲಿ ಬೆರಳಾಡಿಸಿದಳು. ಒಣಗಿತ್ತು. ಆಮೇಲೆ ಕಣ್ಣು ಸಣ್ಣ ಮಾಡಿ ಅವನ ಕೆನ್ನೆ ಉಜ್ಜಿ ನೋಡಿದಳು. ಬೆವರು ಆರಿ ಬೆಳ್ಳಗೆ ಉಪ್ಪು ಕಟ್ಟಿತ್ತು.

“ತಲಿ ಒಣಗೈತಿ. ಉಪ್ಪು ಯಾಕೈತಿ? ಎಲ್ಲಿ ಅತ್ತು ಬಂದಿ?”

ಅಮರೇಶ ಕೆನ್ನೆ ಒರೆಸಿಕೊಂಡ. ಅಂಗಿಯೊಳಗಿಂದ ಪದಕ ತೆಗೆದು ತೋರಿಸಿದ. “ಪಂದ್ಯ ಮುಗಿಸಿದೋರಿಗೆ ಕೊಡ್ತಾರಬೇ. ಇದು ಬೆವರು.”

“ಎಷ್ಟನೇ ನಂಬರ್ ಬಂದಿ?”

ಅವನು ನೆಲ ನೋಡಿದ. “ಹಿಂದಲಿಂದ ಮೂರನೇದು.”

ಎರ್ರೆಮ್ಮ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವವನು ಇಷ್ಟು ಕೆಳಗಿನ ನಂಬರ್ ಹೇಳುತ್ತಾನೆಯೇ?

“ಹಂಗಾರ ಅತ್ತಿದ್ದು ಖರೇನ ಇರಬೇಕು, ಪಾಪ. ಬಾ, ಅಕ್ಕಿಕಾಳು ಹಾಕು. ಮುಂದಿನ ವಾರ ನಮ್ ತಂಗಿ ಮನಿ ಹಂದರಾನೂ ನಿಂದಾ. ತಲಿ ಒಣಗಿರ್ಲಿ ಮತ್ತ.”

ಅಕ್ಕಿಕಾಳು ಎಷ್ಟು ಬಿದ್ದವೆಂದರೆ, ಹಂದರವೇ ಜೋತು—

“ಯಾರ ಮುಂದ ಬಿಡಾಕ ಹತ್ತೀರಿ ರೈಲು? ರೊಟ್ಟಿ ಆರ್ತಾವ, ಏಳ್ರಿ ಉಣ್ಣಾಕ!”

ನೋಡು, ಒಳಗಿಂದ ನನ್ನ ಹೆಂಡತಿ ಕೂಗಿದಳು. ಬಂದೆ ಕಲ್ಯಾಣಮ್ಮ, ಬಂದೆ.