ಏಳು ಗಂಟೆಯ ತೆರ್ಸ್

ಕಳೆದ ಜೂನ್ ತಿಂಗಳ ಮೊದಲ ಸೋಮವಾರ ನಾನು ಶಿಕಾರಿಪುರದಲ್ಲಿ ಬಾಡಿಗೆ ಕೋಣೆ ಹಿಡಿದೆ. ಸಂಜೆ ಏಳಾಯಿತು. ಗಂಟೆ ಹೊಡೆಯಲಿಲ್ಲ.

ಕರಾವಳಿಯ ನಮ್ಮೂರಿನಲ್ಲಿ ಏಳಕ್ಕೆ ಚರ್ಚಿನ ಗಂಟೆ ಹೊಡೆದರೆ ಮನೆಮನೆಯಲ್ಲೂ ತೆರ್ಸ್ ಶುರುವಾಗುತ್ತದೆ. ಜಪಮಾಲೆ ಹಿಡಿದು ಮನೆಯವರೆಲ್ಲ ಸೇರಿ ಮಾಡುವ ಪ್ರಾರ್ಥನೆಗೆ ಕೊಂಕಣಿಯಲ್ಲಿ ಆ ಹೆಸರು. ಒಬ್ಬರು ‘ನಮಾನ್ ಮರಿಯೆ’ ಎಂದು ಮೊದಲರ್ಧ ಹೇಳಬೇಕು, ಉಳಿದವರು ‘ಸಾಂತ ಮರಿಯೆ’ ಎಂದು ಉಳಿದರ್ಧ ಹೇಳಿ ಮುಗಿಸಬೇಕು. ಇಲ್ಲಿ ಏಳೆಂದರೆ ನಾನು ಪತ್ರಿಕೆಯ ಡೆಸ್ಕಿಗೆ ಸುದ್ದಿ ಬರೆಯುವ ಹೊತ್ತು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಸುದ್ದಿ ಏಳೂವರೆಯೊಳಗೆ ತಲುಪಬೇಕು.

ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮ ಮೊದಲ ವಾರವೇ ದಾರಿ ಹುಡುಕಿದರು. ಏಳಕ್ಕೆ ಫೋನ್ ಮಾಡಿ ಮೊದಲರ್ಧ ಹೇಳುವರು. ನಾನು ಫೋನನ್ನು ಮೇಜಿನ ಮೇಲಿಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಸುದ್ದಿ ಟೈಪ್ ಮಾಡುತ್ತಲೇ ಉಳಿದರ್ಧ ಹೇಳುವೆ. ಒಂದು ದಿನ ಡೆಸ್ಕಿನವರು ಕೇಳಿದರು: “ಏನ್ರೀ, ಆನವಟ್ಟಿ ಮೆಕ್ಕೆಜೋಳದ ಸುದ್ದೀಲಿ ಈ ಸಾಂತ ಮರಿಯೆ ಯಾರು? ದಲ್ಲಾಳಿನಾ?”

ಅಮ್ಮನಿಗೆ ಇದನ್ನು ಹೇಳಿದಾಗ ಬಿದ್ದುಬಿದ್ದು ನಕ್ಕರು. ಆಮೇಲೆ ಕೊಂಕಣಿಯಲ್ಲಿ ಹೇಳಿದರು: “ನಿನಗೆ ಪುರುಸೊತ್ತಿಲ್ಲದ ದಿನ ಬಿಡು ಮಗಾ. ಎರಡೂ ನಾನೇ ಹೇಳ್ತೇನೆ. ನಿಲ್ಲಬಾರದು, ಅಷ್ಟೆ.”

ಮನೆಯೊಡತಿ ಗಿರಿಜಮ್ಮ ಗೋಡೆಯಾಚೆಯ ಕೋಣೆಯಲ್ಲಿ ದಿನವೂ ಎರಡು ಹೊತ್ತು ಲಿಂಗಪೂಜೆ ಮಾಡುವವರು. ಬಾಡಿಗೆಗೆ ಕೊಡುವ ಮುಂಚೆ ಕೇಳಿದ್ದು ಒಂದೇ ಮಾತು: “ಮೀನು ಕರಿಯಂಗಿಲ್ಲ, ಆತೇನ್ರೀ?” ಕುಚ್ಚಲಕ್ಕಿ ಗಂಜಿಯಿಂದ ರೊಟ್ಟಿಗೆ ನಾನು ಬೇಗ ಒಗ್ಗಿಕೊಂಡೆ. ಅವರಿಗೆ ಒಗ್ಗದೆ ಉಳಿದದ್ದು ನನ್ನ ತೆರ್ಸ್. “ನಾ ಪೂಜಿಗೆ ಕುಂತ್ರೆ ಯಾರ್ ಬಾಗ್ಲ ಬಡಿದ್ರೂ ಏಳಲ್ಲ. ನೀವು ದೇವ್ರನ್ನೂ ಕರೀತೀರಿ, ಪೇಪರ್‌ಗೂ ಬರೀತೀರಿ. ದೇವ್ರು ಯಾವ್ದನ್ನ ಕೇಳ್ಬೇಕ್ರೀ?”

ನವೆಂಬರಿನಲ್ಲಿ ಅಮ್ಮ ತೀರಿಕೊಂಡರು.

ಮಣ್ಣು ಮುಗಿಸಿ ಮರಳಿದ ಸಂಜೆ ಏಳಕ್ಕೆ ಫೋನ್ ಬರಲಿಲ್ಲ. ನಾನೇ ‘ನಮಾನ್ ಮರಿಯೆ’ ಎಂದು ಶುರುಮಾಡಿ ಅರ್ಧಕ್ಕೆ ನಿಂತೆ. ಉಳಿದರ್ಧ ಇಷ್ಟು ತಿಂಗಳು ನಾನೇ ಹೇಳಿದ್ದು, ಬಾಯಿಗೆ ಬರಲಿಲ್ಲ. ಅದನ್ನು ಹೇಳುವಷ್ಟು ಹೊತ್ತು ಬಿಟ್ಟು ಮುಂದಿನ ಮಣಿಗೆ ಹೋದೆ. ಅಂದಿನಿಂದ ಹಾಗೆಯೇ. ಸುದ್ದಿಯನ್ನು ಆರೂವರೆಗೇ ಕಳಿಸುವುದನ್ನೂ ರೂಢಿಸಿಕೊಂಡೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಗಿರಿಜಮ್ಮ ಅಂಗಳ ಗುಡಿಸುತ್ತ ಕೇಳಿದರು: “ಊರಿಂದ ಯಾರ್ ಬಂದಾರ್ರೀ?”

“ಯಾರೂ ಇಲ್ವಲ್ಲ.”

“ಮತ್ತೆ ನೀವ್ ಅರ್ಧ ಹೇಳಿ ನಿಲ್ಸಿದ್ರೆ ಮುಂದಿಂದು ಹೇಳೋರ್ ಯಾರು? ವಯಸ್ಸಾದೋರ ದನಿ. ನಿಮ್ ಭಾಷೆ ನಂಗ್ ಗೊತ್ತಾಗಲ್ಲ, ದನಿ ಗೊತ್ತಾಗಲ್ವ?”

ನನಗೆ ಯಾವ ದನಿಯೂ ಕೇಳಿಸಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ಪೊರಕೆ ಕೆಳಗಿಟ್ಟರು. “ಹಂಗಾರೆ ಬಿಡ್ರೀ,” ಎಂದು ಒಳಗೆ ಹೋದರು.

ಕಳೆದ ತಿಂಗಳು ಪತ್ರಿಕೆಯವರು ಕರಾವಳಿಗೆ ವರ್ಗ ಬೇಕೇ ಎಂದು ಕೇಳಿದ್ದಾರೆ. ಅಲ್ಲಿ ಏಳಕ್ಕೆ ಗಂಟೆ ಈಗಲೂ ಹೊಡೆಯುತ್ತದೆ, ಆದರೆ ಅಣ್ಣನ ಮನೆಯಲ್ಲಿ ತೆರ್ಸ್ ಭಾನುವಾರಕ್ಕೆ ಇಳಿದಿದೆ. ಇಲ್ಲಿ ಗಂಟೆಯಿಲ್ಲ. ಪತ್ರಿಕೆಯವರಿಗೆ ನಾನಿನ್ನೂ ಉತ್ತರ ಬರೆದಿಲ್ಲ.

ಮೊನ್ನೆ ಸೊರಬದಲ್ಲಿ ಸಭೆಯೊಂದು ತಡವಾಯಿತು. ಏಳಕ್ಕೆ ಬಸ್ ನಿಲ್ದಾಣದಲ್ಲಿ ನಿಂತು ಸುದ್ದಿ ಕಳಿಸಿದೆ. ಪ್ರಾರ್ಥನೆ ತಪ್ಪಿತು, ಅಮ್ಮ ಹೋದ ಮೇಲೆ ತಪ್ಪಿದ್ದು ಅದೇ ಮೊದಲು. ಕೋಣೆ ಮುಟ್ಟುವಾಗ ಗಿರಿಜಮ್ಮ ಜಗಲಿಯಲ್ಲೇ ಕೂತಿದ್ದರು.

“ಯಾಕ್ ತಡ ಮಾಡಿದ್ರಿ?” ಎಂದರು. “ಪಾಪ, ಎರಡೂ ಅವ್ರೊಬ್ರೇ ಹೇಳ್ಕೊಂಡ್ರು.”

ನನ್ನ ಕೋಣೆಗಿರುವುದು ಒಂದೇ ಕೀಲಿಕೈ. ಅದು ನನ್ನ ಚೀಲದಲ್ಲಿತ್ತು.